ಬಾವಿಗೆ ಮರಳುವ ನೀರು

ನೀರು ತಗ್ಗಿಗೆ ಹರಿಯುವುದೆಂಬುದು ಎಲ್ಲರೂ ಬಲ್ಲ ಮಾತು. ಕೊಳವೆಯೊಳಗಿನ ನೀರಿನ ವಿಚಾರದಲ್ಲಿ ಇಷ್ಟು ತಿಳಿದರೆ ಸಾಲದು. ಮಟ್ಟಸವಾದ ಕೊಳವೆಯಲ್ಲಿ ನೀರು ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಒತ್ತಡಗಳು ಅದಲುಬದಲಾದರೆ ಹರಿವಿನ ದಿಕ್ಕೂ ಬದಲಾಗುವುದು. ಕೈತೋಟಕ್ಕೆ ಹನಿ ನೀರಾವರಿಯನ್ನು ಅಳವಡಿಸುವವರು ಮೊದಲು ಅರಿಯಬೇಕಾದ ತತ್ತ್ವ ಇದೇ.

ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನಡುವಣ ಕೋಟದಂತಹ ಕರಾವಳಿಯ ಊರನ್ನು ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಇಲ್ಲಿ ನೀರಿಗೆ ಬರವಿಲ್ಲ. ಬೇಸಗೆಯಲ್ಲಿ ಬಾವಿಯ ನೀರು ತಳ ಸೇರುವುದು. ಆಗ ತೆಂಗು, ಮಲ್ಲಿಗೆ, ತರಕಾರಿಗಳಿಗೆ ಹನಿಹನಿಯಾಗಿ ನೀರುಣಿಸುವುದು ಜಾಣತನವೇ ಸರಿ. ಆದರೆ ಅನೇಕ ಮನೆಗಳಲ್ಲಿ ಕುಡಿಯುವ ನೀರೂ ಅದೇ ಬಾವಿಯದು. ಗೊಬ್ಬರದ ದ್ರಾವಣವನ್ನು ಹನಿ ಕೊಳವೆಯ ಮೂಲಕವೇ ಕೊಡುವಲ್ಲಿ ಅಪಾಯ ಅಡಗಿದೆ.

ಬಾವಿಯ ನೀರು ಪಂಪಿಗಿಂತ ೬ ಮೀಟರ್ ಕೆಳಗಿದೆ ಎನ್ನೋಣ. ಪಂಪು ನಿಂತಿತು; ತಳದ ಫುಟ್‌ವಾಲ್ವಿನಲ್ಲಿ ಮರಳಿನ ಕಣವೊಂದು ಸಿಕ್ಕಿ ಅದು ಬಿಗಿಯಾಗಿ ಮುಚ್ಚಲಿಲ್ಲ. ಕೊಳವೆಯ ನೀರು ಕೆಳಗಿಳಿಯತೊಡಗುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರವು ಸುಮಾರು ೧೦.೩ ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಗಾಳಿ ಒಳಸೇರದಿದ್ದರೆ ಕೊಳವೆಯ ಮೇಲ್ತುದಿಯಲ್ಲಿ ಉಳಿಯುವ ಒತ್ತಡ ೪.೩ ಮೀಟರಿನಷ್ಟು ಮಾತ್ರ. ಬಕೆಟ್ಟಿನಲ್ಲಿರುವ ಗೊಬ್ಬರದ ದ್ರಾವಣವನ್ನಾದರೋ ವಾತಾವರಣ ಪೂರ್ಣ ಬಲದಿಂದ ಒತ್ತುತ್ತಿರುತ್ತದೆ. ದ್ರಾವಣ ಕೊಳವೆಗೆ ಏರಿ ಬಾವಿಗೆ ಇಳಿಯುವುದು. ಹನಿಯುವ ರಂಧ್ರಗಳೂ ಮಣ್ಣನ್ನು ಹೀರಿ ಕಟ್ಟಿಕೊಳ್ಳುವುವು.

ಇದರ ಪರಿಣಾಮವೆಷ್ಟು? ಒಂದು ಕಿಲೋಗ್ರಾಂ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಸುಮಾರು ೬೧೦ ಗ್ರಾಂ ನೈಟ್ರೇಟ್ ಉಂಟು. ೨ ಮೀಟರ್ ಅಗಲದ ದುಂಡು ಬಾವಿಯಲ್ಲಿ ೨ ಮೀಟರ್ ನೀರಿದ್ದರೆ ಅದು ಸುಮಾರು ೬,೨೮೦ ಲೀಟರ್. ಆ ಗೊಬ್ಬರವೆಲ್ಲ ಅದರಲ್ಲಿ ಬೆರೆತರೆ ಲೀಟರಿಗೆ ೯೭ ಮಿಲಿಗ್ರಾಂ ನೈಟ್ರೇಟ್ ಸೇರುವುದು. ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿರುವ ಮಿತಿ ೪೫ ಮಿಲಿಗ್ರಾಂ. ಮಿತಿಮೀರಿದ ನೈಟ್ರೇಟ್ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ.

ಕೊಳವೆಗಳ ದೋಷ ಎಂತಹ ಅನರ್ಥವನ್ನು ತರಬಲ್ಲುದೆಂಬುದನ್ನು ಜಗತ್ತು ೧೯೩೩ರಲ್ಲಿ ಕಂಡಿತು. ಅಮೆರಿಕದ ಷಿಕಾಗೋ ನಗರದ ಹೋಟೆಲುಗಳಲ್ಲಿ ಕೊಳಚೆಯು ಕುಡಿಯುವ ನೀರಿಗೆ ಸೇರಿ, ಆಮಶಂಕೆ ಹಬ್ಬಿ, ೯೮ ಜನರು ಸತ್ತರು. ಶೌಚಗೃಹಗಳಿಂದ ನೀರು ಹಿಂದಕ್ಕೆ ಸೆಳೆಯಲ್ಪಡಬಹುದಾದ ಜೋಡಣೆಗಳೂ ಅಲ್ಲಿ ಪತ್ತೆಯಾದುವು.

ಪರಿಹಾರಗಳಲ್ಲೆಲ್ಲ ಶ್ರೇಷ್ಠವಾದುದಕ್ಕೆ ಯಾವ ಯಂತ್ರವೂ ಬೇಡ. ನಡುವೆ ಒಂದಿಷ್ಟು ಗಾಳಿಯಿದ್ದರೆ ಸಾಕು. ತೋಟಕ್ಕಾಗಿಯೇ ಪ್ರತ್ಯೇಕವಾದ ಡ್ರಮ್ಮನ್ನು ಎತ್ತರದಲ್ಲಿರಿಸಿ, ಪಂಪಿನ ಕೊಳವೆಯ ಬಾಯಿಯನ್ನು ಅದರ ಅಂಚಿಗಿಂತ ಮೇಲೆ ನಿಲ್ಲಿಸಬೇಕು. ಈ ಅಂತರ ಕೊಳವೆಯ ವ್ಯಾಸದ ಎರಡರಷ್ಟಿರಲಿ. ೨೫ ಮಿಲಿಮೀಟರ್ ಕೊಳವೆಗೆ ೫೦ ಮಿಲಿಮೀಟರ್. ಗೊಬ್ಬರವನ್ನು ಡ್ರಮ್ಮಿಗೇ ಬೆರೆಸಬೇಕು. ಕೊಳವೆಯು ನೀರನ್ನು ಮುಟ್ಟದಿರುವುದರಿಂದ ಹೀರುವುದು ಗಾಳಿಯನ್ನೇ. ಆದರೆ ೧೦ ಮೀಟರ್ ಒತ್ತಡದಲ್ಲಿ ಗಂಟೆಗೆ ೪ ಲೀಟರ್ ಕೊಡುವ ಸಾಧಾರಣ ಹನಿಕವು ೨ ಮೀಟರ್ ಎತ್ತರದ ಡ್ರಮ್ಮಿನಿಂದ ಸುಮಾರು ೧.೮ ಲೀಟರನ್ನಷ್ಟೇ ಕೊಡುವುದು. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಆದುದರಿಂದ ಎರಡು ಪಾಲಿಗಿಂತ ತುಸು ಹೆಚ್ಚು ಹೊತ್ತು ನೀರು ಬಿಡಬೇಕು.

ಪಂಪಿನಿಂದ ನೇರವಾಗಿ ನೀರೊದಗಿಸಲೇಬೇಕಾದಲ್ಲಿ, ಗೊಬ್ಬರ ಸೇರುವ ಸ್ಥಳಕ್ಕೆ ಮೊದಲೇ ಒಂದು ನಾನ್‌ರಿಟರ್ನ್ ವಾಲ್ವನ್ನೂ, ಒತ್ತಡ ಇಳಿದೊಡನೆ ಗಾಳಿಯನ್ನು ಒಳಬಿಡುವ ಕವಾಟವನ್ನೂ ಕೂಡಿಸಬೇಕು. ಫುಟ್‌ವಾಲ್ವನ್ನು ಕೆಡಿಸಿದ ಮರಳಿನ ಕಣ ಇದನ್ನೂ ಕೆಡಿಸಬಲ್ಲುದು. ಪಂಪಿಗೂ ಈ ವಾಲ್ವಿಗೂ ನಡುವೆ ಚಿಕ್ಕ ನಲ್ಲಿಯೊಂದನ್ನಿಟ್ಟು, ತೋಟದ ಕೊಳವೆ ತುಂಬಿರುವಾಗಲೇ ಪಂಪನ್ನು ನಿಲ್ಲಿಸಿ ನಲ್ಲಿಯನ್ನು ತಿರುಗಿಸಿ ನೋಡಿರಿ. ಮೊದಲ ನೀರು ಹೋದ ಬಳಿಕವೂ ತೊಟ್ಟಿಕ್ಕುತ್ತಲೇ ಇದ್ದರೆ ವಾಲ್ವನ್ನು ಬಿಚ್ಚಿ ತೊಳೆಯಬೇಕು. ಗೊಬ್ಬರ ಕಲಸುವ ಮೊದಲು ಈ ಪರೀಕ್ಷೆ ನಡೆಯಲಿ.