ಮರೆವಿಗೆ ಸಂದ ಕಲಾವಿದರು ಮತ್ತು ಮಾರಾಟದ ಗ್ಯಾಲರಿ: ಕರ್ನಾಟಕದ ಸಂದರ್ಭದಲ್ಲಿ ಒಂದು ವಿವೇಚನೆ

ಕಲಾವಿದನೊಬ್ಬ ಚರಿತ್ರೆಯಿಂದ ಮರೆಯಾಗುವುದಕ್ಕೆ ಅವನ ಕೃತಿಗಳ ಗುಣವೇ ಕಾರಣವಾಗಬೇಕಿಲ್ಲ. ಕೃತಿಗಳು ಮನೆಮನೆಗೆ ಚದುರಿ, ಅವುಗಳ ಕಾಲ ಹಾಗೂ ಒಡೆತನವನ್ನು ತಿಳಿಸುವ ದಾಖಲೆ ಇಲ್ಲವಾದಾಗ, ವಿಮರ್ಶಕನ ಪಾಲಿಗೆ ಕಲಾವಿದನೇ ಇಲ್ಲವಾಗುತ್ತಾನೆ. ಅಂಥವರನ್ನು ಮರಳಿ ಬೆಳಕಿಗೆ ತರುವಲ್ಲಿ ಮಾರಾಟದ ಗ್ಯಾಲರಿಗಳು ವಹಿಸಿರುವ ಪಾತ್ರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಮ್ಮಲ್ಲಿ ಈ ಕಾರ್ಯವು ಮೊದಲು ಸರ್ಕಾರದ ಆಶ್ರಯದಲ್ಲಿ ನಡೆಯಿತು. ಕೆ. ವೆಂಕಟಪ್ಪನವರ (1886–1965) ಕೃತಿಗಳಿಗಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1970ರ ದಶಕದಲ್ಲಿ ಪ್ರತ್ಯೇಕ ಕಲಾ ಗ್ಯಾಲರಿಯೇ ಆರಂಭವಾಯಿತು. ರುಮಾಲೆ ಚನ್ನಬಸವಯ್ಯನವರ (1910–1988) ಸ್ಥಿತಿ ಬೇರೆ. ಸ್ವಾತಂತ್ರ್ಯ ಹೋರಾಟಗಾರ, ಪತ್ರಕರ್ತ, ವಿಧಾನ ಪರಿಷತ್ತಿನ ಸದಸ್ಯ ಎಂಬ ಸಾರ್ವಜನಿಕ ಗುರುತುಗಳ ನಡುವೆ, ಬೆಂಗಳೂರಿನ ಹೂಮರಗಳನ್ನು ಜಲವರ್ಣದಲ್ಲೂ ತೈಲವರ್ಣದಲ್ಲೂ ಚಿತ್ರಿಸಿದ ಕಲಾವಿದ ಹಿಂದೆ ಸರಿದರು. ರಾಜಾಜಿನಗರದ 'ರುಮಾಲೆ ಹೌಸ್' ಎಂಬ ಖಾಸಗಿ ಗ್ಯಾಲರಿಯು ಅವರ ಚಿತ್ರಗಳನ್ನು ಒಂದೆಡೆ ಇರಿಸಿದುದರಿಂದ ಅವುಗಳನ್ನು ಒಟ್ಟಾಗಿ ನೋಡುವುದು ಸಾಧ್ಯವಾಯಿತು.

ಮೂರನೆಯದು ಮಾರುಕಟ್ಟೆಯ ಹಾದಿ. ನ್ಯೂಯಾರ್ಕಿನಲ್ಲಿ 1989ರಲ್ಲಿ ಆರಂಭವಾದ ಮೈಕೆಲ್ ರೋಸೆನ್‌ಫೆಲ್ಡ್ ಗ್ಯಾಲರಿಯು ಕಪ್ಪು ಜನಾಂಗದವರೂ ಸೇರಿದಂತೆ ಕಡೆಗಣಿತರಾದ ಅಮೆರಿಕದ ಚಿತ್ರಕಾರರನ್ನೂ ಶಿಲ್ಪಿಗಳನ್ನೂ ಮುನ್ನೆಲೆಗೆ ತಂದಿತು. ಭಾರತದಲ್ಲಿ 1993ರಲ್ಲಿ ಸ್ಥಾಪನೆಯಾದ ದೆಹಲಿ ಆರ್ಟ್ ಗ್ಯಾಲರಿ ಇದಕ್ಕೆ ಸಮೀಪದ ನಿದರ್ಶನ. ಬಂಗಾಳದ ಕ್ಷಾಮವನ್ನು ಚಿತ್ರಿಸಿ ಚಿತ್ತಪ್ರಸಾದ್ (1915–1978) 1943ರಲ್ಲಿ ಹೊರತಂದ 'ಹಂಗ್ರಿ ಬೆಂಗಾಲ್' ಪುಸ್ತಿಕೆಯ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ಸುಟ್ಟುಹಾಕಿತ್ತು. ಉಳಿದುಬಂದ ಪ್ರತಿಯ ಆಧಾರದಿಂದ ಈ ಗ್ಯಾಲರಿ 2011ರಲ್ಲಿ ಅದನ್ನು ಯಥಾವತ್ತಾಗಿ ಮರುಮುದ್ರಿಸಿತು.

ಇಂಥ ಗ್ಯಾಲರಿಗಳ ಕಾರ್ಯವಿಧಾನ ಸರಳವಾದುದು. ಕಲಾವಿದರ ಕುಟುಂಬಗಳಿಂದ ಕೃತಿಗಳನ್ನು ಕಡಿಮೆ ಬೆಲೆಗೆ ಒಟ್ಟಾಗಿ ಕೊಳ್ಳುವುದು, ಸಂರಕ್ಷಿಸುವುದು, ಕಾಲ ಹಾಗೂ ಒಡೆತನದ ಪರಂಪರೆಯನ್ನು ನಿರ್ಧರಿಸುವುದು, ಪ್ರದರ್ಶನ ಏರ್ಪಡಿಸಿ ಸೂಚಿಗ್ರಂಥ ಪ್ರಕಟಿಸುವುದು, ಅನಂತರ ಏರಿದ ಬೆಲೆಗೆ ಮಾರುವುದು. ದಾಖಲೆಯಿಲ್ಲದ ಕೃತಿಗೆ ಬೆಲೆ ಬಾರದು. ಆದುದರಿಂದ ವ್ಯಾಪಾರದ ಅಗತ್ಯವೇ ಇಲ್ಲಿ ಸಂಶೋಧನೆಗೆ ಪ್ರೇರಣೆಯಾಗುತ್ತದೆ. ಆದರೆ ಮಾರುವವನೇ ಚರಿತ್ರಕಾರನೂ ಆಗುವುದರಿಂದ, ಅವನ ಸಂಗ್ರಹದಲ್ಲಿಲ್ಲದ ಕಲಾವಿದರು ಚರಿತ್ರೆಯಿಂದಲೂ ಹೊರಗುಳಿಯುವ ಅಪಾಯವಿದೆ. ಮಾರಾಟವಾದ ಕೃತಿ ಮತ್ತೆ ಖಾಸಗಿ ಗೋಡೆ ಸೇರುತ್ತದೆ. ಸಾರ್ವಜನಿಕರಿಗೆ ಉಳಿಯುವುದು ಸೂಚಿಗ್ರಂಥ ಮಾತ್ರ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯಡಿ ಕಲಾನಿಧಿಗಳೆಂದು ಕೃತಿಗಳನ್ನು ಘೋಷಿಸಲಾದ ಒಂಬತ್ತು ಕಲಾವಿದರಲ್ಲಿ ಕರ್ನಾಟಕದವರು ಒಬ್ಬರೂ ಇಲ್ಲ. ಹೀಗಾಗಿ ನೂರು ವರ್ಷ ತುಂಬದ ನಮ್ಮವರ ಚಿತ್ರಗಳು ಹೊರದೇಶಕ್ಕೆ ಹೋಗುವುದನ್ನು ಆ ಕಾಯಿದೆ ತಡೆಯದು.

ಈ ವಿಧಾನಕ್ಕೆ ಇನ್ನೂ ಮೂಲಭೂತವಾದ ಮಿತಿಯೊಂದಿದೆ. ಅದು ಹೆಸರನ್ನು ಬೇಡುತ್ತದೆ. ಬಳ್ಳಾರಿ ಸೀಮೆಯ ತೊಗಲುಗೊಂಬೆಗಳನ್ನೇ ನೋಡಬಹುದು. ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಉಳಿಯಿಂದ ರಂಧ್ರ ಕೊರೆದು, ಬಣ್ಣವೇರಿಸಿ ಸಿದ್ಧಪಡಿಸುವ ಈ ಗೊಂಬೆಗಳು ಚಿತ್ರಕಲೆಯೂ ಹೌದು, ಕೆತ್ತನೆಯೂ ಹೌದು. ಅವುಗಳನ್ನು ಆಡಿಸಿ ನಾಡಿನಾಚೆಗೂ ಪರಿಚಯಿಸಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ (ನಿಧನ 2023) ಹೆಸರು ಉಳಿದಿದೆ. ಆದರೆ ತಲೆಮಾರುಗಳಿಂದ ಗೊಂಬೆ ಕೆತ್ತಿದ ಕಿಳ್ಳೇಕ್ಯಾತ ಕುಟುಂಬಗಳ ಕುಶಲಿಗಳಲ್ಲಿ ಬಹುತೇಕರ ಹೆಸರು ಉಳಿದಿಲ್ಲ. ಸಂಗ್ರಹ ಸೇರಿದ ಹಳೆಯ ಗೊಂಬೆಯ ಚೀಟಿಯಲ್ಲಿ ಸಾಮಾನ್ಯವಾಗಿ ಪಾತ್ರದ ಹೆಸರಿರುತ್ತದೆ, ಕೆತ್ತಿದವನದು ಇರುವುದಿಲ್ಲ. ಹೆಸರಿಲ್ಲದವನಿಗೆ ಪ್ರದರ್ಶನವಿಲ್ಲ, ಸೂಚಿಗ್ರಂಥವಿಲ್ಲ. ಮಾರುಕಟ್ಟೆಯಲ್ಲಿ ಅವನ ಕೃತಿ ಕೇವಲ ಅಲಂಕಾರದ ವಸ್ತು.

ಆದ್ದರಿಂದ ಗ್ಯಾಲರಿಯ ಶಿಸ್ತನ್ನು ಸ್ವೀಕರಿಸಿ, ಅದರ ಲಾಭದ ಲೆಕ್ಕವನ್ನು ಬಿಟ್ಟು, ಸಾರ್ವಜನಿಕ ಸಂಸ್ಥೆಗಳು ಈ ಕಾರ್ಯವನ್ನು ಕೈಗೆತ್ತಿಕೊಳ್ಳಬೇಕಾಗಿದೆ. ಸಿರುಗುಪ್ಪ, ಕುರುಗೋಡು ಭಾಗದಲ್ಲಿ ದೇಶನೂರಿನಂಥ ಊರುಗಳಿಂದಲೇ ಸಮೀಕ್ಷೆ ಆರಂಭವಾಗಬಹುದು. ಮನೆಗಳಲ್ಲಿ ಉಳಿದಿರುವ ಗೊಂಬೆ, ಪಟ, ರಂಗಪರದೆಗಳ ಛಾಯಾಚಿತ್ರ ತೆಗೆದು, ಮಾಡಿದವರ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಟ್ಟು, ಆ ಸೂಚಿಯನ್ನು ಗ್ರಂಥಾಲಯಗಳಲ್ಲಿ ಇಡಬೇಕು. ಹೆಸರು ಬಲ್ಲ ಹಿರಿಯರು ಇರುವಾಗಲೇ ಇದು ಸಾಧ್ಯ. ಕೃತಿಯನ್ನು ಮುಂದೆ ಯಾವ ಗ್ಯಾಲರಿಯೂ ಕೊಳ್ಳಬಹುದು, ಕಳೆದುಹೋದ ಹೆಸರನ್ನು ಕೊಳ್ಳಲಾಗದು.