ಇಟ್ಟಮಡುವಿನಲ್ಲಿ ತೋಳು ಪಡೆದ ಕರಿ ಕಂಬಳಿ

ಬೆಂಗಳೂರಿನ ಇಟ್ಟಮಡು ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಪುಟ್ಟ ಟೈಲರ್ ಅಂಗಡಿಯಲ್ಲಿ, ಶಾಲಾ ಸಮವಸ್ತ್ರಗಳ ಸಾಲಿನ ಪಕ್ಕ ಆ ಜಾಕೆಟ್ ನೇತಾಡುತ್ತಿತ್ತು. ದೂರದಿಂದ ಬರೀ ಕಪ್ಪು. ಹತ್ತಿರ ಹೋದರೆ ಕಪ್ಪಿನೊಳಗೆ ಕಂದು, ಬೂದು, ಅಲ್ಲೊಂದು ಇಲ್ಲೊಂದು ಬಿಳಿ ಎಳೆ. ಬಣ್ಣ ಅದ್ದಿದ್ದಲ್ಲ, ಕುರಿಯದೇ ಬಣ್ಣ. ಕೈಯಾಡಿಸಿದರೆ ರಾಟೆಯಲ್ಲಿ ತೆಗೆದ ನೂಲಿನ ದಪ್ಪ-ಸಣ್ಣ ಎಲ್ಲ ಬೆರಳಿಗೆ ತಿಳಿಯುತ್ತದೆ. ‘ಚಳ್ಳಕೆರೆ ಕಂಬಳಿ ಸಾರ್, ಹಾಕ್ಕೊಂಡೇ ನೋಡಿ’ ಅಂದರು ಟೈಲರ್. ಹಾಕಿಕೊಂಡೆ. ಭುಜದ ಮೇಲೆ ಕೂತ ಆ ಭಾರ ಎಷ್ಟು ಹಿತವಾಗಿತ್ತೆಂದರೆ, ಮಾಲ್‌ಗಳ ನುಣುಪು ಜಾಕೆಟ್‌ಗಳ ಮೇಲೆ ನನಗೆ ಉಳಿದಿದ್ದ ಚೂರುಪಾರು ಆಸೆಯೂ ಅಲ್ಲೇ ಹೋಯಿತು.

ಗಿರಾಕಿಯೊಬ್ಬರು ಊರಿಂದ ಕಂಬಳಿ ತಂದುಕೊಟ್ಟು ಹೊಲಿಸಿದ್ದಂತೆ. ಕೆಲಸ ನೋಡಿ. ಗುಂಡಿ ಬರುವ ಮುಂಭಾಗದ ಎರಡೂ ಕಡೆ ಕಂಬಳಿಯ ನೇಯ್ದ ಅಂಚನ್ನೇ ಉಳಿಸಿಕೊಂಡಿದ್ದಾರೆ. ಹಾಗಾಗಿ ಅಲ್ಲಿ ಮಡಚಿ ಹೊಲಿಯಬೇಕಿಲ್ಲ, ದಪ್ಪವೂ ಆಗುವುದಿಲ್ಲ. ಕತ್ತರಿಸಿದ ಕಡೆಯೆಲ್ಲ ಎಳೆ ಬಿಚ್ಚಿಕೊಳ್ಳುತ್ತದೆ ಎಂದು ಒಳಗಿನ ಪ್ರತಿ ಹೊಲಿಗೆಗೂ ಹತ್ತಿಯ ಪಟ್ಟಿ ಕಟ್ಟಿದ್ದಾರೆ. ಲೈನಿಂಗ್ ಕೂಡ ಹತ್ತಿಯದೇ. ಸ್ಯಾಟಿನ್ ಹಾಕಿದರೆ ಜಾರುತ್ತದೆ, ಬೆವರೂ ಹೀರುವುದಿಲ್ಲ. ಕಾಜಾ ಮಾತ್ರ ಕೈಯಲ್ಲೇ ತೆಗೆದದ್ದು.

ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಹುಣಸೆ ಬೀಜ. ಕಂಬಳಿ ನೇಯುವವರು ಹುಣಸೆ ಬೀಜದ ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಬೇಯಿಸಿ ಗಂಜಿ ಮಾಡುತ್ತಾರೆ. ಹಾಸಿನ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ದೊಡ್ಡ ಕುಂಚದಿಂದ ಈ ಗಂಜಿ ಬಳಿದು ಒಣಗಿಸುತ್ತಾರೆ. ಕೈನೂಲು ಒರಟು, ಮೈತುಂಬ ಕೂದಲು. ಗಂಜಿಯಿಲ್ಲದೆ ಮಗ್ಗಕ್ಕೇರಿದರೆ ಎಳೆ ಎಳೆಗೆ ಸಿಕ್ಕಿಕೊಂಡು ಹರಿಯುತ್ತದೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುವುದು ಇದೇ ಗಂಜಿಯಿಂದ. ಹಾಸಿ ಹೊದೆಯುವವರಿಗೆ ಅದು ನಿಧಾನಕ್ಕೆ ಬಿಟ್ಟುಹೋದರೆ ನಡೆಯುತ್ತದೆ, ಜಾಕೆಟ್ಟಿಗೆ ನಡೆಯುವುದಿಲ್ಲ. ಬಿಗಿಯಾಗಿದ್ದಾಗ ಅಳತೆ ತೆಗೆದು ಹೊಲಿದರೆ, ಮೊದಲ ಒಗೆತಕ್ಕೇ ಭುಜ ಇಳಿದು ತೋಳು ಮೋಟಾಗುತ್ತದೆ. ಅದಕ್ಕೇ ಈ ಟೈಲರ್ ಕಂಬಳಿಯನ್ನು ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿ, ಗಂಜಿ ಪೂರ್ತಿ ಹೋಗುವ ತನಕ ಜಾಲಾಡಿ, ನೆರಳಲ್ಲಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿ ಹಿಡಿಯುತ್ತಾರೆ. ಬಿಸಿನೀರು, ವಾಷಿಂಗ್ ಮಷಿನ್ ಎರಡೂ ಬೇಡ. ಉಣ್ಣೆ ಗಂಟುಗಟ್ಟಿಬಿಡುತ್ತದೆ.

ಕಂಬಳಿಯನ್ನು ಮೈಗೆ ತೊಡುವುದು ನಮಗೆ ಹೊಸದೇನಲ್ಲ. ಮಲೆನಾಡಿನ ಮಳೆಯಲ್ಲಿ ಗದ್ದೆಗೆ ಇಳಿಯುವವರ ಕಂಬಳಿ ಕೊಪ್ಪೆ ನೆನಪಿಸಿಕೊಳ್ಳಿ. ಸೂಜಿ ತಾಗಿಸದೆ, ಬರೀ ಮಡಿಕೆಯಿಂದ ತಲೆಗೂ ಬೆನ್ನಿಗೂ ಆಗುವ ಉಡುಪು ಅದು. ಉಣ್ಣೆಯ ಹೊರಮೈಯ ಜಿಡ್ಡು ನೀರನ್ನು ಸುಲಭಕ್ಕೆ ಒಳಬಿಡದು, ನೆಂದರೂ ಬೆಚ್ಚಗಿಡುತ್ತದೆ. ಬೆಂಗಳೂರೂ ಉಣ್ಣೆ ಬಲ್ಲ ಊರೇ. ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಶುರುವಾದದ್ದು 1884ರಲ್ಲಿ. ಈ ಊರಿನ ದಾಖಲೆಯ ಚಳಿ, 7.8 ಡಿಗ್ರಿ, ಬಂದದ್ದೂ ಅದೇ ವರ್ಷದ ಜನವರಿ 13ರಂದು. ಇನ್ನು 2021ರ ಹಾನಗಲ್, ಸಿಂದಗಿ ಉಪಚುನಾವಣೆಯ ಹೊತ್ತಿಗೆ ಕಂಬಳಿ ಹೊದೆಯುವ ಯೋಗ್ಯತೆ ಯಾರಿಗಿದೆ ಎಂದು ನಾಯಕರು ವಾದಕ್ಕಿಳಿದದ್ದು ಎಲ್ಲರಿಗೂ ಗೊತ್ತು. ನೇಯುವವರ ಮಾತು ಅಷ್ಟು ಜೋರಾಗಿ ಯಾವ ವೇದಿಕೆಯಲ್ಲೂ ಕೇಳಲಿಲ್ಲ ಎಂಬ ಬೇಸರ ನನಗಿದೆ.

ಏಕೆಂದರೆ ದಖ್ಖನಿ ಕುರಿಯ ಉಣ್ಣೆಗೆ ಈಗ ಕೇಳುವವರು ಕಡಿಮೆ. ಮಾಂಸಕ್ಕಷ್ಟೇ ಬೆಲೆ ಇರುವುದರಿಂದ ಹಲವೆಡೆ ಕುರಿಗಾಹಿಗಳು ಉಣ್ಣೆಯಿಲ್ಲದ ತಳಿಗಳತ್ತ ಹೊರಳಿದ್ದಾರೆ. ಕತ್ತರಿಸಿದ ಉಣ್ಣೆಯನ್ನು ಅಲ್ಲೇ ಬಿಸಾಡಿ ಬರುವುದೂ ಉಂಟು. ಚುಚ್ಚುತ್ತದೆ ಎಂಬುದು ಎಲ್ಲರ ದೂರು. ನಿಜ, ಸುಮಾರು 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆ ಚರ್ಮಕ್ಕೆ ಚುಚ್ಚುತ್ತದೆ, ನಮ್ಮ ಉಣ್ಣೆ ಆ ಜಾತಿಯದು. ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್ ಕೂಡ ಒರಟು ಬಟ್ಟೆಯೇ. ಅದನ್ನು ಅಲ್ಲಿನ ದ್ವೀಪಗಳ ನೇಕಾರರು ತಮ್ಮ ಮನೆಗಳಲ್ಲೇ ನೇಯಬೇಕೆಂದು ಬ್ರಿಟನ್ನು 1993ರಲ್ಲಿ ಕಾಯ್ದೆಯನ್ನೇ ಮಾಡಿತು. ಆ ಒರಟಿಗೆ ಜಗತ್ತು ದುಡ್ಡು ಸುರಿಯುತ್ತದೆ. ನಮ್ಮದಕ್ಕೆ ಬೇಕಾದದ್ದು ಒಂದು ಒಳ್ಳೆಯ ಲೈನಿಂಗ್, ಕೆಲಸ ಬಲ್ಲ ಒಬ್ಬ ಟೈಲರ್, ಅಷ್ಟೇ.

ಒಂದು ಎಚ್ಚರಿಕೆ. ಕಂಬಳಿ ಎಂದು ಅಕ್ರಿಲಿಕ್ ಮಾರುವವರು ಬೇಕಾದಷ್ಟಿದ್ದಾರೆ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಉಣ್ಣೆಯಾದರೆ ಸುಟ್ಟ ಕೂದಲ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಕೊಳ್ಳಬೇಡಿ. ಚಳ್ಳಕೆರೆ ಕಡೆಗೋ ರಾಣೆಬೆನ್ನೂರಿನ ಮೇಡ್ಲೇರಿ ಕಡೆಗೋ ಹೋದಾಗ ನೇಯುವವರ ಕೈಯಿಂದಲೇ ಒಂದು ಕಂಬಳಿ ಕೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟು, ನಿಮ್ಮ ಬೀದಿಯ ಟೈಲರ್ ಹತ್ತಿರ ಒಯ್ಯಿರಿ. ನೆನೆಸಿ ನೆರಳಲ್ಲಿ ಒಣಗಿಸಲು ದಿನಗಳು ಬೇಕು, ಹೊಲಿಗೆಗೂ ಸಮಯ ಹಿಡಿಯುತ್ತದೆ. ಡಿಸೆಂಬರ್‌ಗೆ ಜಾಕೆಟ್ ಬೇಕಿದ್ದರೆ ದಸರೆಯೊಳಗೇ ಬಟ್ಟೆ ಕೊಟ್ಟುಬಿಡಿ.