ಸಂದರ್ಶನದಲ್ಲಿ ಅಳೆಯುವುದೇನನ್ನು?

ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1980ರಲ್ಲಿ. ಇಂದಿಗೂ ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಹೆಚ್ಚಾಗಿ ಬೆಂಗಳೂರಿನತ್ತಲೇ ಮುಖ ಮಾಡಬೇಕು. ರಾತ್ರಿಯಿಡೀ ಪಂಚಗಂಗಾ ರೈಲಿನಲ್ಲಿ ಬಂದು ಸಂದರ್ಶನಕ್ಕೆ ಕೂತರೆ, ಲಿಂಕ್ಡ್ ಲಿಸ್ಟನ್ನು ಹಿಂದುಮುಂದು ಮಾಡುವಂಥ ಪ್ರಶ್ನೆಯನ್ನು ಅಪರಿಚಿತರ ಕಣ್ಣೆದುರೇ ಬಿಡಿಸಬೇಕು. ಜೊತೆಗೆ ತಲೆಯಲ್ಲಿ ಓಡುವುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿರಬೇಕು. ಇಲ್ಲಿ ಕೌಶಲಕ್ಕಿಂತ ಅಳುಕೇ ಹೆಚ್ಚು ಅಳತೆಗೆ ಸಿಗುತ್ತದೆ. 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳಲ್ಲಿ ಕೆಲವರಿಂದ ಸಂದರ್ಶಕರ ಎದುರು, ಉಳಿದವರಿಂದ ಒಂಟಿ ಕೋಣೆಯಲ್ಲಿ ಉತ್ತರ ಬರೆಸಿದರು. ಎದುರಿಗೆ ಬರೆದವರ ಸಾಧನೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಾಗೆ ಬರೆದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ; ಒಂಟಿಯಾಗಿ ಬರೆದ ಹೆಣ್ಣುಮಕ್ಕಳೆಲ್ಲ ಪಾಸಾದರು. ಅಧ್ಯಯನ ಚಿಕ್ಕದು, ನಿಜ. ಆದರೆ ಅಲ್ಲಿನವರಿಗೇ ಹೀಗಾದರೆ, ಮನೆಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ಹವಿಗನ್ನಡವನ್ನೋ ಆಡಿ ಬೆಳೆದವರ ಮೇಲಿನ ಭಾರ ಊಹಿಸಬಹುದು.

ಕೆಲಸದಲ್ಲೂ ಒತ್ತಡವಿದೆ, ಗ್ರಾಹಕರೊಡನೆ ಮಾತಾಡಲೇಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ದಿನನಿತ್ಯದ ಕೆಲಸದಲ್ಲಿ ಕೋಡನ್ನು ಓಡಿಸಿ ನೋಡುತ್ತಾರೆ, ತಪ್ಪು ತಿದ್ದುತ್ತಾರೆ, ಗೊತ್ತಿಲ್ಲದ್ದನ್ನು ಪಕ್ಕದವರಲ್ಲಿ ಕೇಳುತ್ತಾರೆ. ಮಾತುಗಾರಿಕೆ ಬೇಕಿದ್ದರೆ ಅದನ್ನು ಬೇರೆಯಾಗಿಯೇ ಪರೀಕ್ಷಿಸಲಿ. ಸಾವಿರಾರು ಅರ್ಜಿಗಳನ್ನು ಸೋಸಲು ಇನ್ನೇನು ದಾರಿ ಎನ್ನುವವರಿದ್ದಾರೆ. ಸೋಸುವ ಕೆಲಸವನ್ನು ಆನ್‌ಲೈನ್ ಪರೀಕ್ಷೆಗಳು ಮೊದಲೇ ಮುಗಿಸಿರುತ್ತವೆ. ಉಳಿದ ಕೆಲವರಿಗೆ ಅರ್ಧ ಗಂಟೆ ಖಾಲಿ ಕೋಣೆ ಕೊಟ್ಟು, ಆಮೇಲೆ ಬರೆದದ್ದನ್ನು ವಿವರಿಸಲು ಹೇಳುವುದು ಯಾವ ಕಂಪನಿಗೂ ದುಬಾರಿಯಲ್ಲ.